ಹುಲ್ಲು ಮೇಯುವ ಕುರ್ಚಿ

ಅರಸೀಕೆರೆ
24-11-1982

ಹಳೇಬೀಡಿನ ಶ್ರೀಮಾನ್ ಧರಣಪ್ಪನವರಿಗೆ ಸ್ಟೇಷನ್ ರಸ್ತೆಯ ಮೆಕ್ಯಾನಿಕ್ ಷಡಕ್ಷರಪ್ಪನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಹೊಟ್ಟೆ ಒಂದನ್ನು ಬಿಟ್ಟು. ಅದು ನಿನ್ನೆ ಸಂಜೆಯಿಂದ ಉರಿಯುತ್ತಿದೆ. ಕಮಲಾಕ್ಷಿ ಮಜ್ಜಿಗೆ ಕೊಟ್ಟಳು, ಜೀರಿಗೆ ಕಷಾಯ ಕೊಟ್ಟಳು. ಇದು ಮಜ್ಜಿಗೆಗೆ ಆರುವ ಉರಿಯಲ್ಲ ಎಂದು ಹೆಂಡತಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನಿನ್ನೆ ಬೇಲೂರು ಬಸ್ಸಿನ ಕಂಡಕ್ಟರ್ ಕೆಂಚಯ್ಯ ನನ್ನ ವರ್ಕ್‌ಶಾಪಿನ ಮುಂದೆ ಟೀ ಕುಡಿಯುತ್ತಾ, "ಏನ್ ಷಡಕ್ಷರಪ್ಪೋರೆ, ನಿಮ್ ಧರಣಪ್ಪೋರು ಅದೇನೋ ಹುಲ್ಲು ಮೇಯೋ ಕುರ್ಚಿ ತಂದವ್ರಲ್ಲ, ಅದ್ರ ಸ್ಟೇರಿಂಗ್ ಕೆಟ್ಟೋಗೈತಂತೆ. ಬೇಲೂರಿಂದ ಮೆಕ್ಯಾನಿಕ್ ಹುಚ್ಚಣ್ಣನ್ನ ಕರ್ಸವ್ರೆ. ನಿಮಗೆ ಗೊತ್ತಿಲ್ವಾ?" ಎಂದ. ನನಗೆ ಕುರ್ಚಿಯೂ ಗೊತ್ತಿಲ್ಲ, ಕೆಟ್ಟದ್ದೂ ಗೊತ್ತಿಲ್ಲ. "ಗೊತ್ತು ಕಣಯ್ಯ, ಹುಚ್ಚಣ್ಣನ್ನ ಕರ್ಸು ಅಂತ ನಾನೇ ಹೇಳಿದ್ದು" ಎಂದು ಸುಳ್ಳು ಹೇಳಿ ಮಾನ ಉಳಿಸಿಕೊಂಡೆ.

ನಿಮ್ಮ ಅಕ್ಕಿ ಗಿರಣಿಯ ಎಂಜಿನ್ನನ್ನು ಕೂರಿಸಿದವನು ಯಾರು ಸ್ವಾಮಿ? ತೋಟದ ಪಂಪಿಗೆ ಜೀವ ತುಂಬಿದವನು ಯಾರು? ನಿಮ್ಮ ನಡುಮನೆಯ ಗಡಿಯಾರ ನಿಂತರೂ ನಿಮ್ಮ ಯಜಮಾನಿ ಜಿನಮತಿಯವರು "ಷಡಕ್ಷರಣ್ಣಂಗೆ ಒಂದು ಕಾಗದ ಹಾಕಿ" ಎನ್ನುತ್ತಿದ್ದರು. ಮೂವತ್ತು ವರ್ಷ ನಿಮ್ಮ ಮನೆಯ ಕಬ್ಬಿಣವೆಲ್ಲ ನನ್ನ ಕೈಯಲ್ಲಿ ಬೆಳೆದಿದೆ. ಈಗ ಹುಚ್ಚಣ್ಣ! ಹೆಸರಿಗೆ ತಕ್ಕ ಹಾಗೆ ಕೆಲಸ ಮಾಡಿದರೆ ನಿಮ್ಮ ಕುರ್ಚಿಯ ಗತಿ ಏನು?

ನನಗೇನೂ ಬೇಸರವಿಲ್ಲ. ಸುಮ್ಮನೆ ಬರೆದೆ.

ಇತಿ, ತಮ್ಮ ಹಳೆಯ ಮೆಕ್ಯಾನಿಕ್,
ಷಡಕ್ಷರಪ್ಪ

*

ಹಳೇಬೀಡು
30-11-1982

ಲೇ ಷಡಕ್ಷರಿ,

"ಶ್ರೀಮಾನ್" ಎಂದು ನೋಡಿ, ಇದು ಇನ್ನಾರಿಗೋ ಬಂದ ಕಾಗದವೆಂದು ಹಿಂದೆ ತಿರುಗಿಸಿ ವಿಳಾಸ ನೋಡಿದೆ. ನನಗೇ ಬಂದದ್ದು. ಇರಲಿ, ಬೈದು ಮುಗಿಸು, ಆಮೇಲೆ ಕೇಳು.

ಬಸದಿಗಳ ಹತ್ತಿರ ಯಾತ್ರಿಕರಿಗಾಗಿ ಆರು ಕೋಣೆ ಕಟ್ಟಿಸಿದ್ದು ನಿನಗೆ ಗೊತ್ತೇ ಇದೆ. ಅದರ ಮುಂದೆ ಹುಲ್ಲು ಹಾಕಿಸಿದೆ. ಬೇಲೂರಿನಾಚೆಯ ಎಸ್ಟೇಟಿನ ಸಾಹೇಬರೊಬ್ಬರು ಬಂಗಲೆ ಖಾಲಿ ಮಾಡುವಾಗ ಈ ಗಾಡಿಯನ್ನು ಮಾರಿದರು. ಮೇಲೆ ಕುರ್ಚಿ, ಮುಂದೆ ಕಾರಿನ ಹಾಗೆ ಸ್ಟಿಯರಿಂಗ್, ಹೊಟ್ಟೆಯ ಕೆಳಗೆ ತಿರುಗುವ ಕತ್ತಿ. ಕೂತುಕೊಂಡು ಓಡಿಸಿದರೆ ಹುಲ್ಲನ್ನು ತಾನೇ ಕತ್ತರಿಸಿಕೊಂಡು ಹೋಗುತ್ತದೆ. ಮೊದಲ ದಿನ ಸಂತೆಗೆ ಹೋಗುತ್ತಿದ್ದವರೆಲ್ಲ ಚೀಲ ಇಳಿಸಿ ನೋಡುತ್ತಾ ನಿಂತರು. ಅಷ್ಟು ಜನ ನನ್ನನ್ನು ನೋಡಿದ್ದು ಮದುವೆಯ ದಿನ ಬಿಟ್ಟರೆ ಅವತ್ತೇ.

ಆಷಾಢ ಬಂತು, ಚಾತುರ್ಮಾಸ ಹಿಡಿಯಿತು. ಮಳೆಗಾಲದಲ್ಲಿ ಹುಲ್ಲಿನ ತುಂಬಾ ಹುಳುಹುಪ್ಪಟೆ, ಆ ನಾಲ್ಕು ತಿಂಗಳು ಒಂದು ಗರಿಕೆಯನ್ನೂ ಕತ್ತರಿಸಕೂಡದು ಎಂದಳು ಜಿನಮತಿ. ಗಾಡಿ ಒದ್ದೆ ಕೊಟ್ಟಿಗೆಯಲ್ಲಿ ನಿಂತಿತು, ಹುಲ್ಲು ಮೊಣಕಾಲಿಗೆ ಬಂತು. ದೀಪಾವಳಿ ಕಳೆದು ತೆಗೆದರೆ ಸ್ಟಿಯರಿಂಗ್ ಅಲ್ಲಾಡಲಿಲ್ಲ. ಹುಚ್ಚಣ್ಣ ಬಂದು ನೋಡಿದ. ಸ್ಟಿಯರಿಂಗಿನ ಬುಡದ ಹಲ್ಲುಚಕ್ರದ ಪೆಟ್ಟಿಗೆ ಒಣಗಿದೆಯಂತೆ. ಅದೂ ಅಲ್ಲದೆ, ಮುಂದಿನ ಗಾಲಿಗಳನ್ನು ತಿರುಗಿಸುವ ಸರಳಿನ ಎರಡು ತುದಿಯ ಬಾಲ್ ಜಾಯಿಂಟುಗಳು ಸವೆದು, ಗುಂಡು ಬಟ್ಟಲಿನಲ್ಲಿ ಲೊಡಲೊಡ ಎನ್ನುತ್ತಿದೆ. "ಇಂಥವು ಅರಸೀಕೆರೆ ಷಡಕ್ಷರಪ್ಪೋರ ಹತ್ರ ಬಿಟ್ರೆ ಎಲ್ಲೂ ಸಿಗಾಕಿಲ್ಲ" ಎಂದ. ಇದ್ದರೆ ಎರಡನ್ನು ಕೆಂಚಯ್ಯನ ಕೈಲಿ ಕಳಿಸು.

ನಿನ್ನನ್ನು ಯಾಕೆ ಕರೆಯಲಿಲ್ಲ ಎಂದರೆ, ನಿನಗೆ ಕೆಲಸ ಜಾಸ್ತಿ ಇರುತ್ತದಲ್ಲ, ಅದಕ್ಕೆ.

ನಿನ್ನ,
ಧರಣಪ್ಪ

*

ಅರಸೀಕೆರೆ
5-12-1982

ಶ್ರೀಮಾನ್ ಧರಣಪ್ಪನವರಿಗೆ,

ಹೌದು, ನನಗೆ ಕೆಲಸ ಜಾಸ್ತಿ. ಬೆಳಗಿನಿಂದ ಒಂದು ಸೈಕಲ್ಲಿನ ಪಂಚರ್ ಹಾಕಿ ಕೂತಿದ್ದೇನೆ.

ನೀವು ಕೇಳಿದ ಬಾಲ್ ಜಾಯಿಂಟುಗಳು ಇವೆ. ಯಾವುದೋ ಎಸ್ಟೇಟಿನ ಪುಟ್ಟ ಟ್ರಾಕ್ಟರನ್ನು ಗುಜರಿಗೆ ಹಾಕುವಾಗ ಬಿಚ್ಚಿಟ್ಟವು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಹಲಗೆಯ ಮೇಲಿಟ್ಟಿದ್ದೇನೆ. ಈ ಕಾಗದ ಬರೆಯುವ ಮೊದಲು ಇಳಿಸಿ, ಒರೆಸಿ, ಮತ್ತೆ ಮೇಲಿಟ್ಟೆ. ಕೊಡುವುದಿಲ್ಲ. ಸವತಿಯನ್ನು ಮನೆ ತುಂಬಿಸಿಕೊಳ್ಳಲು ಹಿರಿಯ ಹೆಂಡತಿಯ ಬಳೆ ಕೇಳಿದ ಹಾಗಾಯಿತು ನಿಮ್ಮ ಮಾತು. ನಾನು ಬಂದು ಹಾಕುವುದಾದರೆ ಇವತ್ತೇ ಬಸ್ಸು ಹತ್ತುತ್ತೇನೆ. ಹುಚ್ಚಣ್ಣನ ಕೈಗಾದರೆ ಒಂದು ತುಕ್ಕು ಮೊಳೆಯೂ ಇಲ್ಲ.

ಇನ್ನೊಂದು ಮಾತು. ನಿಮ್ಮ ಮನೆಯ ಯಂತ್ರಕ್ಕೆ ಗ್ರೀಸ್ ಮುಟ್ಟಿಸುವಂತಿಲ್ಲ. ಅದರಲ್ಲಿ ಪ್ರಾಣಿಯ ಕೊಬ್ಬು ಬೆರೆಸುತ್ತಾರೆಂದು ಯಾರೋ ಹೇಳಿದ ದಿನದಿಂದ ನಿಮ್ಮ ತಾಯಿಯವರು ಬೇಡವೆಂದರು, ಜಿನಮತಿಯವರೂ ಹಾಗೇ ನಡೆಸಿಕೊಂಡು ಬಂದರು. ಅದಕ್ಕೇ ಅಲ್ಲವೇ ನಾನು ನನ್ನ ತಗಡಿನ ಡಬ್ಬಿಯನ್ನು ಇಲ್ಲಿಂದ ಹೊತ್ತು ತರುತ್ತಿದ್ದದ್ದು? ಅದರಲ್ಲಿ ಏನಿತ್ತೆಂದು ಹುಚ್ಚಣ್ಣನಿಗೆ ಗೊತ್ತೆ? ನಿಮಗೇ ಗೊತ್ತಿಲ್ಲ. ನೀವು ಹಣಕಿ ನೋಡಿದಾಗಲೆಲ್ಲ ನಾನು ಮುಚ್ಚಳ ಹಾಕಿದ್ದೇನೆ.

ಹುಚ್ಚಣ್ಣನೂ ಸೂರ್ಯ ಮುಳುಗುವ ಮೊದಲು ನಿಮ್ಮ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೋ? ನನ್ನ ಜಾಗದಲ್ಲೇ ಕೂರುತ್ತಾನೋ, ಕಂಬದ ಪಕ್ಕ? ಇದೊಂದನ್ನು ತಿಳಿಸಿ.

ಇತಿ,
ಷಡಕ್ಷರಪ್ಪ

*

ಹಳೇಬೀಡು
20-12-1982

ಷಡಕ್ಷರಿ,

ಕಂಬದ ಪಕ್ಕ ಯಾರೂ ಕೂತಿಲ್ಲ. ಸಾಕೆ?

ಜಾಯಿಂಟು ಕೊಡದಿದ್ದರೆ ಬಿಡು. ಹಳೆಯವನ್ನೇ ತಂತಿ ಸುತ್ತಿ ಬಿಗಿ ಮಾಡಿದ್ದಾಯಿತು. ನಿನ್ನ ಡಬ್ಬಿ ಇಲ್ಲವೆಂದು ನಿಲ್ಲುವುದಕ್ಕೆ ನಮ್ಮದೇನು ಎಣ್ಣೆ ಕಾಣದ ಊರೆ? ನಮ್ಮದೇ ತೋಟದ ಕಾಯಿ, ನಮ್ಮದೇ ಕೊಬ್ಬರಿ, ಗಾಣದಿಂದ ಆಗತಾನೇ ಬಂದ ಎಣ್ಣೆ. ಹಲ್ಲುಚಕ್ರದ ಪೆಟ್ಟಿಗೆಗೆ ಕಂಠಮಟ್ಟ ಹೊಯ್ದೆವು. ಮಧ್ಯಾಹ್ನ ಓಡಿಸಿ ನೋಡಿದರೆ ಸ್ಟಿಯರಿಂಗ್ ಒಂದು ಬೆರಳಿಗೆ ತಿರುಗಿತು. ನಿಜ ಹೇಳುತ್ತೇನೆ, ಆ ದಿನ ನನಗೆ ಆದ ಸಂತೋಷಕ್ಕೆ ಎಣೆಯಿಲ್ಲ.

ಆದರೆ ಮಾರನೆಯ ದಿನದಿಂದ ಒಂದು ವಿಚಿತ್ರ. ಬೆಳಗ್ಗೆ ಎಷ್ಟು ಜಗ್ಗಿದರೂ ಸ್ಟಿಯರಿಂಗ್ ಜಪ್ಪಯ್ಯ ಎನ್ನುವುದಿಲ್ಲ. ಬಿಸಿಲೇರಿದ ಮೇಲೆ ಏನೂ ಆಗದ ಹಾಗೆ ತಿರುಗುತ್ತದೆ. ಮಾರನೆಯ ಬೆಳಗ್ಗೆ ಮತ್ತೆ ಅದೇ ಹಟ. ಅಂಗಳ ಗುಡಿಸುವ ಮುದ್ದಮ್ಮ "ಗಾಳಿ ಮೆಟ್ಕಂಡೈತೆ ಬುದ್ಧೀ, ಬೇವಿನ ಸೊಪ್ಪು ಕಟ್ಟಿ" ಎಂದಳು. ನಗಬೇಡ, ಕಟ್ಟಿದೆ. ಬಿಸಿಲೇರಿದ ಮೇಲೆ ಓಡಿಸೋಣವೆಂದರೆ ಅಷ್ಟು ಹೊತ್ತಿಗೆ ಯಾತ್ರಿಕರು ಹುಲ್ಲಿನ ಮೇಲೆ ಬಂದು ಕೂತಿರುತ್ತಾರೆ.

ನಿನಗೆ ಏನಾದರೂ ಹೊಳೆದರೆ ಬರೆ. ಹುಚ್ಚಣ್ಣನಿಗೆ ಹೇಳುತ್ತೇನೆ.

ನಿನ್ನ,
ಧರಣಪ್ಪ

*

ಅರಸೀಕೆರೆ
24-12-1982

ಶ್ರೀಮಾನ್ ಧರಣಪ್ಪನವರಿಗೆ,

ನಿಮ್ಮ ಕಾಗದ ಓದಿ ನಾನು ನಕ್ಕ ರಭಸಕ್ಕೆ ಕಮಲಾಕ್ಷಿ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದಳು. ಹಾಲು ಉಕ್ಕಿತು. ಆದರೂ ನಗು ನಿಲ್ಲಲಿಲ್ಲ.

ಹೊಳೆಯಿತು. ಎರಡನೇ ಸಾಲು ಓದುವಷ್ಟರಲ್ಲಿ ಹೊಳೆಯಿತು. ಹೇಳುವುದಿಲ್ಲ. "ಹುಚ್ಚಣ್ಣನಿಗೆ ಹೇಳುತ್ತೇನೆ" ಎಂದು ಬರೆದಿರಲ್ಲ, ಆ ಒಂದು ಮಾತಿಗೆ ಹೇಳುವುದಿಲ್ಲ. ಉತ್ತರ ನಿಮ್ಮ ಬಚ್ಚಲುಮನೆಯ ಗೂಡಿನಲ್ಲೇ ಇದೆ, ನಿಮ್ಮ ಹೊಸ ಪಂಡಿತ ಹುಡುಕಿಕೊಳ್ಳಲಿ. ಅವನ ಕೈಯಲ್ಲಿ ಆಗುವುದಿಲ್ಲವೆಂದು ನೀವು ನಿಮ್ಮ ಬಾಯಾರೆ ಹೇಳಿದ ದಿನ ನಾನು ಬಾಯಿ ಬಿಡುತ್ತೇನೆ.

ಅಲ್ಲಿಯವರೆಗೆ ಬೇವಿನ ಸೊಪ್ಪು ಕಟ್ಟುತ್ತಿರಿ. ಒಂದೆರಡು ನಿಂಬೆಹಣ್ಣನ್ನೂ ಸೇರಿಸಿ.

ಇತಿ,
ಷಡಕ್ಷರಪ್ಪ

*

ಹಳೇಬೀಡು
6-1-1983

ಷಡಕ್ಷರಣ್ಣನವರಿಗೆ ಜಿನಮತಿಯ ನಮಸ್ಕಾರಗಳು.

ಕಾಲು ನೀಡಿಕೊಂಡು ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.

ಈ ಗಾಡಿ ಮನೆಗೆ ಬಂದಾಗ ನಾನು ಇವರಿಗೆ ಒಂದು ಷರತ್ತು ಹಾಕಿದ್ದೆ. ಹುಲ್ಲಿನಲ್ಲಿ ಕಪ್ಪೆಮರಿ, ಮಿಡತೆ ಏನೆಲ್ಲ ಇರುತ್ತವೆ. ಗಾಡಿ ಹೋಗುವ ದಾರಿಯಲ್ಲಿ ಒಬ್ಬರು ತೆಂಗಿನಕಡ್ಡಿ ಪೊರಕೆ ಹಿಡಿದು, ಮೆಲ್ಲಗೆ ಬಡಿದು ಅವನ್ನು ಆಚೆ ಕಳಿಸಬೇಕು, ಆಮೇಲೇ ಗಾಡಿ ಬರಬೇಕು. ಅಂಥ ಕೆಲಸವನ್ನು ಇನ್ನೊಬ್ಬರಿಗೆ ಹೇಳುವುದು ನನಗೆ ಸರಿ ಕಾಣಲಿಲ್ಲ. ನಾನೇ ಮುಂದೆ ನಡೆಯುತ್ತಿದ್ದೆ, ಇವರು ಹಿಂದೆ ಓಡಿಸುತ್ತಿದ್ದರು.

ಸೋಮವಾರ ಬೆಳಗ್ಗೆ ಕೊರೆಯುವ ಚಳಿ. ಸ್ಟಿಯರಿಂಗ್ ಕಲ್ಲಾಗಿತ್ತು. ಇವರು ಹಟ ಹಿಡಿದು ಎರಡು ಕೈಯಲ್ಲೂ ಜಗ್ಗಿದರು. ತಂತಿ ಸುತ್ತಿದ್ದ ಜಾಯಿಂಟು ಕಳಚಿ ಒಂದು ಗಾಲಿ ಒಂದು ಕಡೆ ತಿರುಗಿತು, ಗಾಡಿ ನನ್ನ ಮೇಲೇ ಬಂತು. ಇವರು ಕೂಗಿದರು, ನಾನು ಹಾರಿದೆ. ಗಾಲಿ ಎಡಗಾಲ ಮೇಲೆ ಹತ್ತಿ ನಿಂತಿತು. ಕತ್ತಿ ಮುಟ್ಟಲಿಲ್ಲ, ಅದೇ ಪುಣ್ಯ. ಪಾದದ ಮೂಳೆ ಬಿರಿದಿದೆ. ಹಾಸನಕ್ಕೆ ಹೋಗಿ ಪಟ್ಟಿ ಹಾಕಿಸಿಕೊಂಡು ಬಂದೆವು.

ಬಂದ ಮೇಲೆ ಮುದ್ದಮ್ಮ ನನಗೆ ತಲೆ ಬಾಚಲು ಬಚ್ಚಲ ಗೂಡಿನಿಂದ ಎಣ್ಣೆ ಸೀಸೆ ತಂದಳು. ಚಳಿಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. "ತಡೀರವ್ವಾ, ಬಿಸ್ಲಿಗೆ ಇಟ್ಟು ಬತ್ತೀನಿ" ಎಂದಳು. ಗಾಡಿಗೆ ಯಾವ ಎಣ್ಣೆ ಹಾಕಿದ್ದು ಎಂದು ಇವರನ್ನು ಕೇಳಿದೆ, ಕೊಬ್ಬರಿ ಎಣ್ಣೆ ಎಂದರು. ಆಗ ತಿಳಿಯಿತು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆಂದು ಗೊತ್ತಿಲ್ಲದ ಹೆಂಗಸು ಈ ಸೀಮೆಯಲ್ಲೇ ಇಲ್ಲ. ಗಾಡಿಯ ಹೊಟ್ಟೆಗೂ ಅದನ್ನೇ ಹೊಯ್ದಿದ್ದಾರೆಂದು ನನಗೆ ಯಾರು ಹೇಳಿದ್ದರು?

ನಿಮ್ಮ ಕಾಗದವನ್ನೂ ಓದಿದೆ. ನಿಮಗೆ ಗೊತ್ತಿತ್ತು.

ಇನ್ನೊಂದು ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಹುಚ್ಚಣ್ಣ ಬಂದದ್ದು ಒಂದೇ ಸಲ. ನೋಡಿದ, ಜಾಯಿಂಟು ಬೇಕೆಂದ, ಕಾಫಿ ಕುಡಿದು ಹೋದ. ಆಮೇಲೆ ಹಳೆ ಪಂಚೆ ಉಟ್ಟು ಗಾಡಿಯ ಕೆಳಗೆ ಮಲಗಿ ತಂತಿ ಸುತ್ತಿದ್ದು, ಎಣ್ಣೆ ಹೊಯ್ದಿದ್ದು ಎಲ್ಲ ನಿಮ್ಮ ಸ್ನೇಹಿತರೇ. ಹುಚ್ಚಣ್ಣ ಮಾಡಿದ ಎಂದು ನನಗೂ ಸುಳ್ಳು ಹೇಳಿದ್ದರು, ನಿನ್ನೆ ಬಾಯಿಬಿಟ್ಟರು. ಯಾಕೆಂದು ನನಗೆ ಹೇಳುತ್ತಿಲ್ಲ.

ನೀವಿಬ್ಬರೂ ಏನು ಆಡಿಕೊಂಡಿರೋ ನನಗೆ ಬೇಡ. ನಡುವೆ ಸಿಕ್ಕಿದ್ದು ನನ್ನ ಕಾಲು.

ಕಮಲಾಕ್ಷಮ್ಮನಿಗೆ ಗಾಬರಿಯಾಗುವ ಹಾಗೆ ಹೇಳಬೇಡಿ.

ನಿಮ್ಮ ತಂಗಿ,
ಜಿನಮತಿ

*

ಅರಸೀಕೆರೆ
9-1-1983

ಧರಣಪ್ಪ,

ಜಿನಮತಿಯ ಕಾಗದವನ್ನು ಕಮಲಾಕ್ಷಿಯೇ ನನಗಿಂತ ಮೊದಲು ಓದಿದಳು. ಆಮೇಲಿಂದ ತಟ್ಟೆ ಇಡುತ್ತಾಳೆ, ಹೋಗುತ್ತಾಳೆ.

ಮುಂದೆ ಪೊರಕೆ ಹಿಡಿದು ಜಿನಮತಿ ನಡೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಆದರೆ ಬಿಗಿಯಾದ ಸ್ಟಿಯರಿಂಗನ್ನು ಜಗ್ಗಿದರೆ ಸವೆದ ಜಾಯಿಂಟು ಕಳಚುತ್ತದೆಂದು ಗೊತ್ತಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬದಲಿಗೆ ನಿಂಬೆಹಣ್ಣು ಕಟ್ಟು ಎಂದು ಬರೆದೆ. ಆ ಹೊತ್ತಿಗೆ ನನಗೆ ಬೇಕಿದ್ದದ್ದು ಹುಚ್ಚಣ್ಣ ಸೋಲುವುದು ಒಂದೇ. ಅವನೋ ಬೇಲೂರಿನಲ್ಲಿ ತನ್ನ ಪಾಡಿಗೆ ತಾನಿದ್ದ. ನಾನು ಯಾರ ಮೇಲೆ ಹಲ್ಲು ಕಡಿದೆನೋ ಅವನು ಅಲ್ಲಿ ಇರಲೇ ಇಲ್ಲ!

ನಿನಗೇನಾಗಿತ್ತು ಮಾರಾಯ? ಸ್ಪ್ಯಾನರನ್ನು ಯಾವ ಕಡೆಯಿಂದ ಹಿಡಿಯುವುದೆಂದು ಗೊತ್ತಿಲ್ಲದವನು ಗಾಡಿಯ ಕೆಳಗೆ ಯಾಕೆ ಮಲಗಿದೆ? ಮಲಗಿದ್ದನ್ನು ಯಾಕೆ ಬಚ್ಚಿಟ್ಟೆ?

ನಿಜ ಬರೆ.

ಷಡಕ್ಷರಿ

*

ಹಳೇಬೀಡು
12-1-1983

ಷಡಕ್ಷರಿ,

ನಿಜ ಕೇಳಿದ್ದೀಯ, ಬರೆಯುತ್ತೇನೆ. ಓದಿ ಒಲೆಗೆ ಹಾಕು.

ನಮ್ಮ ಮನೆಯಲ್ಲಿ ಯಾವುದು ನಿಂತರೂ ಜಿನಮತಿಯ ಬಾಯಲ್ಲಿ ಬರುವ ಮೊದಲ ಹೆಸರು ನಿನ್ನದು. ಗಿರಣಿ ನಿಂತರೆ ಷಡಕ್ಷರಣ್ಣ, ಪಂಪು ನಿಂತರೆ ಷಡಕ್ಷರಣ್ಣ. ನೀನೇ ಬರೆದೆಯಲ್ಲ, ಗಡಿಯಾರ ನಿಂತರೂ. ನೀನು ಅದನ್ನು ಹೆಮ್ಮೆಯಿಂದ ಬರೆದೆ. ನಾನು ಅದನ್ನು ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ನೀನು ಬಂದ ದಿನ ಎರಡು ಪಲ್ಯ, ಒಂದು ಸಿಹಿ. ಕೈತೊಳೆಯಲು ಬಿಸಿನೀರು. "ಷಡಕ್ಷರಣ್ಣ ಮುಟ್ಟಿದ್ರೆ ಸಾಕು" ಎನ್ನುತ್ತಾಳೆ. ನಾನು ಮುಟ್ಟಿದರೆ "ನೀವು ಯಾಕ್ರೀ ಮುಟ್ಟಕ್ಕೆ ಹೋದ್ರಿ" ಎನ್ನುತ್ತಾಳೆ. ಅವಳ ಮನಸ್ಸಿನಲ್ಲಿ ಕಲ್ಮಷವಿಲ್ಲ, ನಿನ್ನಲ್ಲೂ ಇಲ್ಲ. ಇದ್ದದ್ದು ನನ್ನಲ್ಲಿ.

ಈ ಒಂದು ಗಾಡಿಯಾದರೂ ನನ್ನ ಕೈಯಲ್ಲಿ ಸರಿಹೋಗಲಿ ಎನ್ನಿಸಿತು. ಮಾಡಿ ಮುಗಿಸಿದ ಮೇಲೆ "ನಾನೇ ಮಾಡಿದ್ದು" ಎನ್ನೋಣವೆಂದಿದ್ದೆ. ಕೆಟ್ಟರೆ ಹುಚ್ಚಣ್ಣನ ತಲೆಗೆ ಕಟ್ಟಬಹುದಲ್ಲ ಎಂದು ಅವನ ಹೆಸರು ಹೇಳಿದೆ. ಬೆರಳಿಗೆ ಸ್ಟಿಯರಿಂಗ್ ತಿರುಗಿದ ಮಧ್ಯಾಹ್ನ ಹೇಳಿಬಿಡಬೇಕೆಂದು ಅಡುಗೆಮನೆಯವರೆಗೂ ಹೋದೆ. ಅಷ್ಟರಲ್ಲಿ ಅವಳು, "ಹುಚ್ಚಣ್ಣ ಪರವಾಗಿಲ್ಲ ಕಣ್ರೀ, ಷಡಕ್ಷರಣ್ಣನಷ್ಟು ಅಲ್ಲದಿದ್ರೂ" ಎಂದಳು. ನೀರು ಕುಡಿದು ವಾಪಸು ಬಂದೆ.

ಈಗ ಅವಳನ್ನು ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುತ್ತೇನೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಗಾಡಿಯನ್ನು ಮಾರಿಬಿಡುತ್ತೇನೆ.

ಧರಣಪ್ಪ

*

ಅರಸೀಕೆರೆ
14-1-1983, ಸಂಕ್ರಾಂತಿ

ಲೋ ಧರಣಿ,

ಮಾರಬೇಡ. ಕೆಂಚಯ್ಯನ ಕೈಲಿ ಒಂದು ಗೋಣಿಚೀಲ ಕಳಿಸಿದ್ದೇನೆ. ಮೇಲೆ ಕಮಲಾಕ್ಷಿ ಜಿನಮತಿಗೆ ಕೊಟ್ಟ ಎಳ್ಳು ಬೆಲ್ಲ, ಕೆಳಗೆ ನನ್ನ ಡಬ್ಬಿ, ಅದರ ಕೆಳಗೆ ಎಣ್ಣೆ ಬಟ್ಟೆಯಲ್ಲಿ ಎರಡು ಜಾಯಿಂಟು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು, ಆಮೇಲೆ ಪಂಚೆ ಕಟ್ಟು.

ನಾನು ಬರುವುದಿಲ್ಲ. ನಿನ್ನೆ ಎರಡು ಸಲ ಬಸ್‌ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ನಿನ್ನ ಮನೆಯ ಯಂತ್ರವನ್ನು ನಾನಲ್ಲದೆ ಇನ್ನೊಬ್ಬ ಮುಟ್ಟುವುದೆಂದರೆ ಈಗಲೂ ನನಗೆ ಹೊಟ್ಟೆಯಲ್ಲಿ ಕೆಂಡ, ಆ ಇನ್ನೊಬ್ಬ ನೀನೇ ಆದರೂ. ಆದರೆ ಇದನ್ನು ನೀನೇ ಹಾಕಬೇಕು. ಹೇಳಿದ ಹಾಗೆ ಮಾಡು.

ಮೊದಲು ಪೆಟ್ಟಿಗೆಯನ್ನು ಬಿಸಿಲಿಗೆ ಒಡ್ಡಿ, ಕೊಬ್ಬರಿ ಎಣ್ಣೆ ಕರಗಿದ ಮೇಲೆ ಬಸಿದು, ಸೀಮೆಎಣ್ಣೆಯಲ್ಲಿ ತೊಳೆ. ಮುಂದಿನ ಗಾಲಿಗಳ ಕೆಳಗೆ ದಿಮ್ಮಿ ಕೊಡು, ಹಿಂದಿನವಕ್ಕೆ ಕಲ್ಲು ಅಡ್ಡ ಇಡು. ಹಳೆ ಜಾಯಿಂಟು ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿಕೋ, ಹೊಸದನ್ನು ಅಷ್ಟೇ ಸುತ್ತು ಹತ್ತಿಸು. ಮುಖ್ಯವಾದದ್ದು ಕೇಳು: ಒಂದು ತುದಿ ಎಲ್ಲ ಬೋಲ್ಟಿನ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಇನ್ನೊಂದು ಎಡಕ್ಕೆ ತಿರುಗಿಸಿದರೆ. ಒಂದೇ ಸರಳು, ಎರಡು ತುದಿಗೆ ಎರಡು ಬುದ್ಧಿ. ಬಲ ಹಾಕಬೇಡ, ತಾನಾಗಿ ಹತ್ತಬೇಕು. ಹಾಕಿದ ಮೇಲೆ ಎರಡೂ ಗಾಲಿ ಒಂದೇ ಕಡೆ ನೋಡುತ್ತಿವೆಯೋ ಇಲ್ಲವೋ ಎಂದು ದಾರ ಹಿಡಿದು ನೋಡು.

ಡಬ್ಬಿಯಲ್ಲಿ ಇರುವುದು ಹರಳೆಣ್ಣೆ. ಅಷ್ಟೇ. ಮೂವತ್ತು ವರ್ಷ ಮುಚ್ಚಳ ಹಾಕಿ ಕಾಪಾಡಿದ್ದು ಬರೀ ಹರಳೆಣ್ಣೆ, ಪಕ್ಕದ ಗಂಡಸಿ ಊರಿನ ಸಂತೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಆಗಾಗ ಒರೆಸಿ ಹೊಸದು ಹಾಕುತ್ತಿರು. ಇದನ್ನು ಹೇಳಿಬಿಟ್ಟರೆ ನೀನು ನನ್ನನ್ನು ಕರೆಯುವುದಕ್ಕೆ ಏನು ಉಳಿಯುತ್ತದೆ ಎಂದು ಹೆದರಿ ಹೇಳಿರಲಿಲ್ಲ.

ಯಾರು ಮಾಡಿದ್ದೆಂದು ಜಿನಮತಿ ಕೇಳಿದರೆ ನಿನ್ನ ಹೆಸರು ಹೇಳು. ನನ್ನ ಕಾಗದದ ವಿಷಯ ಎತ್ತಬೇಡ.

ನಿನ್ನ,
ಷಡಕ್ಷರಿ

*

ಹಳೇಬೀಡು
30-1-1983

ಲೇ ಷಡಕ್ಷರಿ,

ಹಾಕಿದೆ!

ಎಡದ ತುದಿಯಲ್ಲಿ ಅರ್ಧ ದಿನ ಹೋಯಿತು. ನೀನು ಹೇಳಿದ್ದನ್ನು ಮರೆತು ಬಲಕ್ಕೇ ತಿರುಗಿಸುತ್ತಿದ್ದೆ. ಆಮೇಲೆ ನಿನ್ನ ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಗಾಡಿಯ ಕೆಳಗೇ ಮತ್ತೊಮ್ಮೆ ಓದಿದೆ. ಆಗ ತಾನಾಗಿ ಹತ್ತಿತು. ದಾರ ಹಿಡಿದು ನೋಡಿದೆ, ಎರಡು ಗಾಲಿಯೂ ಕೆರೆಯ ಕಡೆಗೇ ನೋಡುತ್ತಿದ್ದವು.

ನಿನ್ನೆ ಬೆಳಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ, ಜಿನಮತಿಯನ್ನು ಜಗುಲಿಯ ಮೇಲೆ ಕೂರಿಸಿ ಕಾಲಿಗೆ ಮಣೆ ಕೊಟ್ಟು ಗಾಡಿ ತೆಗೆದೆ. ಪೊರಕೆ ಹಿಡಿಯಲು ಮುದ್ದಮ್ಮನನ್ನು ಕೇಳಿದರೆ "ಅದ್ರ ಮುಂದೆ ನಾನು ಸುತರಾಂ ನಡೆಯಾಕಿಲ್ಲ ಬುದ್ಧೀ" ಎಂದು ಓಡಿದಳು. ಸರಿ, ನಾನೇ ಇಳಿದು ಒಂದಿಷ್ಟು ದೂರ ಪೊರಕೆ ಬಡಿಯುವುದು, ವಾಪಸು ಬಂದು ಹತ್ತಿ ಅಷ್ಟನ್ನು ಓಡಿಸುವುದು, ಮತ್ತೆ ಇಳಿಯುವುದು. ಯಾತ್ರಿಕರು ಇದೇನೋ ನಮ್ಮ ಧರ್ಮದ ವಿಧಿಯೆಂದು ಚಪ್ಪಲಿ ಬಿಟ್ಟು ನಿಂತರು. ಆ ಚಳಿಯಲ್ಲೂ ಸ್ಟಿಯರಿಂಗ್ ಒಂದು ಬೆರಳಿಗೆ ತಿರುಗಿತು. ಬಸದಿಯ ಕಡೆ ಒಂದು ತಿರುವು, ಕೆರೆಯ ಕಡೆ ಒಂದು ತಿರುವು, ಎಲ್ಲೂ ತಡವರಿಸಲಿಲ್ಲ.

ಮುಗಿಸಿ ಜಗುಲಿಗೆ ಬಂದು, "ನಾನೇ ಹಾಕಿದ್ದು. ಎರಡೂ ಕಡೆ. ನಾನೇ" ಎಂದೆ.

ಅವಳು ಗಾಡಿಯನ್ನು ನೋಡಿದಳು, ನನ್ನ ಪಂಚೆಯ ಮೇಲಿನ ಹರಳೆಣ್ಣೆಯನ್ನು ನೋಡಿದಳು. ಅವಳ ಮುಖ ಅರಳಿತು. ಇಷ್ಟು ವರ್ಷಕ್ಕೆ ನನ್ನ ಕೆಲಸ ನೋಡಿ ಆ ಮುಖ ಅರಳಿದ್ದು ಕಂಡೆ. ಸುಳ್ಳು ಹೇಳುವುದಿಲ್ಲ, ಕಣ್ಣು ತುಂಬಿತು.

ಆಮೇಲೆ ಅವಳು, "ಭಾಳ ಚೆನ್ನಾಗಿ ತಿರುಗ್ತಿದೆ ಕಣ್ರೀ. ಆದ್ರೂ ಷಡಕ್ಷರಣ್ಣ ಬಂದು ಒಂದು ಸಲ ನೋಡಿದ್ರೆ ನನಗೆ ಸಮಾಧಾನ" ಎಂದಳು.

ಹೊಟ್ಟೆ ಉರಿಯಿತು ಕಣೋ. ನಿನ್ನಾಣೆಗೂ ಉರಿಯಿತು.

ಮುಂದಿನ ಭಾನುವಾರದ ಬಸ್ಸಿಗೆ ಬಾ. ಕಂಬದ ಪಕ್ಕದ ಜಾಗ ಹಾಗೇ ಇದೆ. ಎರಡು ಪಲ್ಯಕ್ಕೆ ಈಗಾಗಲೇ ಹೇಳಿಯಾಗಿದೆ, ಹೇಳಿದ್ದು ಅವಳೇ. ಆದರೆ ಸ್ಪ್ಯಾನರ್ ತರಬೇಡ. ಗಾಡಿ ಓಡಿಸುವವನು ನಾನು.

ನೀನು ಹಿಡಿಯುವ ಪೊರಕೆ ಇಲ್ಲೇ ಇದೆ.

ನಿನ್ನ,
ಧರಣಿ